ಪೀಣ್ಯದ ಶೆಡ್‌ನಲ್ಲಿ ಮಾಡಿದ ಪೆಟ್ಟಿಗೆಗೆ ಎಲಿವೇಟ್ ಹಣ ಸಿಗುತ್ತಾ?

ಪ್ರಶ್ನೆ: ನಮಸ್ಕಾರ ಸರ್. ನಾನು, ನನ್ನ ತಮ್ಮ ಪೀಣ್ಯದಲ್ಲಿ ಸಣ್ಣ ಶೆಡ್ ಇಟ್ಟುಕೊಂಡಿದ್ದೇವೆ. ಬೋರ್‌ವೆಲ್ ಮೋಟರ್ ಎಳೆಯುವ ಕರೆಂಟ್ ಗಮನಿಸಿ, ನೀರು ಇಳಿಯುತ್ತಿದ್ದರೆ ಮೊದಲೇ ಮೊಬೈಲ್‌ಗೆ ತಿಳಿಸುವ ಪೆಟ್ಟಿಗೆ ಮಾಡಿದ್ದೇವೆ. ಚಿಂತಾಮಣಿ ಹತ್ತಿರ ಮಾವನ ತೋಟದಲ್ಲಿ ಮೂರು ತಿಂಗಳಿಂದ ಓಡುತ್ತಿದೆ. ಒಬ್ಬರು ಎಲಿವೇಟ್‌ನಲ್ಲಿ 50 ಲಕ್ಷ ಕೊಡಿಸುತ್ತೇನೆ, ಹತ್ತು ಪರ್ಸೆಂಟ್ ಕೊಡಿ ಅನ್ನುತ್ತಿದ್ದಾರೆ. ನಮ್ಮದು ಪ್ರೊಪ್ರೈಟರ್‌ಶಿಪ್, ಅಂದರೆ ಒಬ್ಬರ ಹೆಸರಿನಲ್ಲೇ ಇರುವ ವ್ಯವಹಾರ. ಏನು ಮಾಡಲಿ?

ಉತ್ತರ: ಮೇಡಂ, ಅವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಎಲಿವೇಟ್ ಅಂದರೆ ಸ್ಟಾರ್ಟಪ್‌ಗಳಿಗೆ ಅನುದಾನ ಕೊಡಲು 2017ರಿಂದ ನಡೆಯುತ್ತಿರುವ ರಾಜ್ಯ ಸರ್ಕಾರದ ಯೋಜನೆ. ಅರ್ಜಿ ಕರೆದಾಗ ನೀವೇ ಆನ್‌ಲೈನ್‌ನಲ್ಲಿ ಹಾಕಬಹುದು. ಇದು ಸಾಲ ಅಲ್ಲ, ಕಂಪನಿಯಲ್ಲಿ ಪಾಲನ್ನೂ ಕೇಳುವುದಿಲ್ಲ. ಆದರೆ 50 ಲಕ್ಷ ಅನ್ನುವುದು ಗರಿಷ್ಠ ಮಿತಿ. ಎಲ್ಲರಿಗೂ ಅಷ್ಟು ಬರುವುದಿಲ್ಲ.

ಪ್ರೊಪ್ರೈಟರ್‌ಶಿಪ್ ನಡೆಯುವುದಿಲ್ಲ. ತಮ್ಮನ ಜೊತೆ ಸೇರಿ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಅಥವಾ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಸಿ. ಆಮೇಲೆ ರಾಜ್ಯ ಸರ್ಕಾರದ ಸ್ಟಾರ್ಟಪ್ ವಿಭಾಗವಾದ ಸ್ಟಾರ್ಟಪ್ ಕರ್ನಾಟಕದಲ್ಲಿ ನೋಂದಣಿ.

ಈಗ ನಿಜವಾದ ಕೆಲಸಕ್ಕೆ ಬರೋಣ. ನೀರಿಲ್ಲದಾಗ ಮೋಟರ್ ನಿಲ್ಲಿಸುವ ಪೆಟ್ಟಿಗೆ ಎಸ್‌ಪಿ ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಆಗಲೇ ಸಿಗುತ್ತೆ, ಅಲ್ವಾ? ಎಲಿವೇಟ್ ಆಯ್ಕೆ ಸಮಿತಿಯವರು ಮೊದಲು ಕೇಳುವುದೇ ಅದನ್ನು. ನಿಮ್ಮದು ಮುಂಚೆಯೇ ಹೇಳುತ್ತೆ ಅನ್ನುವುದೇ ಹೊಸದು. ಹಾಗಾಗಿ ಮಾವನ ತೋಟದ ಲೆಕ್ಕ ಮುಂದಿಡಿ. ಯಾವ ದಿನ ಎಷ್ಟು ಆಂಪ್ಸ್, ಪೆಟ್ಟಿಗೆ ಯಾವಾಗ ಎಚ್ಚರಿಸಿತು, ನೀರು ನಿಜಕ್ಕೂ ಯಾವಾಗ ಕಡಿಮೆಯಾಯಿತು. ತಪ್ಪು ಹೇಳಿದ ದಿನಗಳನ್ನೂ ಬರೆಯಿರಿ, ಮುಚ್ಚಿಡಬೇಡಿ. ಒಂದೇ ಬೋರ್ ಸಾಲದು. ಇನ್ನೂ ನಾಲ್ಕೈದು ಕಡೆ ಕಟ್ಟಿ ನೋಡಲು ಎಷ್ಟು ಬೇಕು ಅಂತ ಲೆಕ್ಕ ಹಾಕಿ, ಅಷ್ಟನ್ನೇ ಕೇಳಿ. ಸುಮ್ನೆ 50 ಅಂತ ಬರೆದರೆ ಪ್ರತಿ ಸಾಲಿಗೂ ಉತ್ತರ ಕೊಡಬೇಕಾಗುತ್ತೆ.

ಇನ್ನೊಂದು ಮಾತು. ಹಣ ಒಟ್ಟಿಗೆ ಬರುವುದಿಲ್ಲ, ಕೆಲಸ ಮುಗಿದಂತೆ ಕಂತಿನಲ್ಲಿ ಬರುತ್ತೆ. ಆಯ್ಕೆಯಾದ ಖುಷಿಯಲ್ಲಿ ಬಡ್ಡಿಗೆ ಸಾಲ ತಂದು ಒದ್ದಾಡಿದವರನ್ನು ನೋಡಿ ನನಗೆ ತುಂಬಾ ಬೇಜಾರಾಗಿದೆ. ಕೆಲವು ತಿಂಗಳ ಬಾಡಿಗೆ, ಸಂಬಳ ಕೈಯಲ್ಲಿರಲಿ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಸರ್. ನವೆಂಬರ್‌ನ ಬೆಂಗಳೂರು ಟೆಕ್ ಸಮಿಟ್ ಪ್ರದರ್ಶನದಲ್ಲಿ ಪೆಟ್ಟಿಗೆ ಬಿಚ್ಚಿ ತೋರಿಸಬಹುದಾ? ಪೇಟೆಂಟ್ ಇನ್ನೂ ಮಾಡಿಸಿಲ್ಲ.

ಉತ್ತರ: ಈಗಲೇ ಬೇಡ ಮೇಡಂ, ಮೊದಲೇ ಎಲ್ಲರಿಗೂ ತೋರಿಸಿದರೆ ಪೇಟೆಂಟ್ ಕೈತಪ್ಪಬಹುದು. ಮೊದಲು ಪ್ರೊವಿಷನಲ್ ಅಂದರೆ ತಾತ್ಕಾಲಿಕ ಪೇಟೆಂಟ್ ಅರ್ಜಿ ಹಾಕಿ. ಸ್ಟಾರ್ಟಪ್‌ಗಳಿಗೆ ಆನ್‌ಲೈನ್ ಶುಲ್ಕ 1,600 ರೂಪಾಯಿ. ಪೂರ್ತಿ ವಿವರ ಕೊಡಲು 12 ತಿಂಗಳು ಸಮಯ ಸಿಗುತ್ತೆ. ಅರ್ಜಿ ನಂಬರ್ ಕೈಗೆ ಬಂದ ಮೇಲೆ ಧೈರ್ಯವಾಗಿ ಸ್ಟಾಲ್ ಹಾಕಿ, ನಾನೂ ಬಂದು ನೋಡುತ್ತೇನೆ.