ವಾಟರ್ ಫ್ಲಾಸರ್ ತಗೋಬಹುದಾ? ಬ್ರಿಡ್ಜ್ ಇದೆ, ವಸಡಲ್ಲಿ ರಕ್ತ ಬರುತ್ತೆ, ಮನೆಗೆ ಬರೋದು ಬೋರ್ ನೀರು

ಕೆಂಗೇರಿ_ಅಮ್ಮ

ಎಲ್ಲರಿಗೂ ನಮಸ್ಕಾರ. ಬಲಗಡೆ ಕೆಳಗಿನ ದವಡೆಯಲ್ಲಿ ಒಂದು ಹಲ್ಲು ಕೀಳಿಸಿ ಬ್ರಿಡ್ಜ್ ಹಾಕಿಸಿಕೊಂಡಿದ್ದೇನೆ. ಮೂರು ಹಲ್ಲು ಒಂದಕ್ಕೊಂದು ಸೇರಿಕೊಂಡೇ ಇರುತ್ತಲ್ಲ, ಅದು. ಹಾಕಿಸಿದ ಹೊಸದರಲ್ಲಿ ಏನೂ ತೊಂದರೆ ಇರಲಿಲ್ಲ. ಈಗ ಕೆಲವು ತಿಂಗಳಿಂದ ನಡುವಿನ ಡಮ್ಮಿ ಹಲ್ಲಿನ ಕೆಳಗೆ ಏನು ತಿಂದರೂ ಹೋಗಿ ಕೂತುಕೊಳ್ಳುತ್ತೆ. ಸೊಪ್ಪಿನ ಪಲ್ಯ ಮಾಡಿದ ದಿನವಂತೂ ಕೇಳಲೇಬೇಡಿ, ಊಟ ಮುಗಿದು ಒಂದು ಗಂಟೆಯಾದರೂ ನಾಲಿಗೆ ಅಲ್ಲೇ ಓಡಾಡುತ್ತಿರುತ್ತೆ. ನಮ್ಮತ್ತೆ ಬಳೆಯಲ್ಲಿ ಸಿಕ್ಕಿಸಿಕೊಂಡಿರೋ ಸೇಫ್ಟಿ ಪಿನ್ ತೆಗೆದು ಕೊಡಲಾ ಅಂತಾರೆ!

ಡಾಕ್ಟರು ಫ್ಲಾಸ್ ಮಾಡಿ, ಅಂದರೆ ಹಲ್ಲಿನ ಸಂದಿಗೆ ದಾರ ಹಾಕಿ ಕ್ಲೀನ್ ಮಾಡಿ ಅಂದರು. ಆದರೆ ಹಲ್ಲುಗಳು ಕೂಡಿಕೊಂಡಿರುವಾಗ ಮೇಲಿಂದ ದಾರ ಇಳಿಯೋದಾದರೂ ಹೇಗೆ? ಅದರ ಜೊತೆಗೆ ಬೆಳಗ್ಗೆ ಬ್ರಷ್ ಮಾಡಿ ಉಗಿದರೆ ನೊರೆ ತಿಳಿ ಗುಲಾಬಿ ಬಣ್ಣ ಇರುತ್ತೆ, ಬ್ರಿಡ್ಜ್ ಹತ್ತಿರ ಮಾತ್ರ ಅಲ್ಲ, ಕೆಳಗಿನ ಮುಂದಿನ ಹಲ್ಲುಗಳ ಕಡೆಯೂ.

ಆನ್‌ಲೈನ್‌ನಲ್ಲಿ ವಾಟರ್ ಫ್ಲಾಸರ್ ಅಂತ, ಹಲ್ಲಿನ ಸಂದಿಗೆ ಜೋರಾಗಿ ನೀರು ಹೊಡೆಯೋ ಮಿಷನ್ ನೋಡಿದೆ. ಸಾವಿರ ಚಿಲ್ಲರೆಯಿಂದ ಶುರುವಾಗಿ ಏಳೆಂಟು ಸಾವಿರದವರೆಗೂ ಇವೆ. ಒಬ್ಬರು ಇದು ಬಂದ ಮೇಲೆ ಬಾಯೇ ಬದಲಾಯ್ತು ಅಂತ ಬರೆದರೆ ಪಕ್ಕದಲ್ಲೇ ಇನ್ನೊಬ್ಬರು ಎರಡೇ ತಿಂಗಳಿಗೆ ಮೋಟಾರ್ ಹೋಯ್ತು ಅಂತಾರೆ. ಯಾರನ್ನ ನಂಬೋದು? ರಕ್ತ ಬರೋ ವಸಡಿಗೆ ಅಷ್ಟು ಜೋರಾಗಿ ನೀರು ಹೊಡೆಯಬಹುದಾ? ನಮ್ಮ ಬೋರ್ ನೀರಿಗೆ ಗೀಸರ್ ಕಾಯಿಲೇ ಉಳಿಯಲ್ಲ, ಇದು ಉಳಿಯುತ್ತಾ? ಮಗನ ಹಲ್ಲಿಗೆ ಕ್ಲಿಪ್ ಹಾಕಿದ್ದಾರೆ, ಒಂದೇ ಮಿಷನ್ ಇಬ್ಬರೂ ಬಳಸಬಹುದಾ? ನಮ್ಮ ಯಜಮಾನರು ಜೋರಾಗಿ ಬಾಯಿ ಮುಕ್ಕಳಿಸಿದರೆ ಅದೇ ಕೆಲಸ ಆಗುತ್ತೆ, ಸುಮ್ನೆ ದುಡ್ಡು ಯಾಕೆ ಅಂತಿದ್ದಾರೆ.

ಪುಳಿಯೋಗರೆ_ಪ್ರಿಯ

ಮೇಡಂ, ನಿಮ್ಮ ಯಜಮಾನರಿಗೆ ಹೇಳಿ, ಮುಕ್ಕಳಿಸೋದೇ ಬೇರೆ ಇದೇ ಬೇರೆ. ಮುಕ್ಕಳಿಸಿದಾಗ ನೀರು ಕೆನ್ನೆಯೊಳಗೆ ಸುತ್ತಾಡುತ್ತೆ, ಸಂದಿಯೊಳಗೆ ನುಗ್ಗಲ್ಲ. ಇದರಲ್ಲಿ ಸಣ್ಣ ತೂತಿನಿಂದ ನೀರು ಬಿಟ್ಟು ಬಿಟ್ಟು ಹೊಡೆಯುತ್ತೆ, ನಿಮಿಷಕ್ಕೆ ಸಾವಿರ ಸಲಕ್ಕಿಂತ ಜಾಸ್ತಿ. ಒತ್ತೋದು, ಬಿಡೋದು, ಒತ್ತೋದು, ಬಿಡೋದು. ಹಾಗಾಗಿ ಒಳಗೆ ಕೂತಿದ್ದು ಸಡಿಲ ಆಗಿ ಆಚೆ ಬರುತ್ತೆ.

ನನಗೂ ಬ್ರಿಡ್ಜ್ ಇದೆ, ಎಡಗಡೆ ಮೇಲೆ. ನಾನು ವೈರ್‌ಲೆಸ್ ಬಳಸ್ತಾ ಇದ್ದೇನೆ. ಡಮ್ಮಿ ಹಲ್ಲಿನ ಕೆಳಗೆ ಮೊದಲು ಕೆನ್ನೆ ಕಡೆಯಿಂದ, ಆಮೇಲೆ ನಾಲಿಗೆ ಕಡೆಯಿಂದ ಬಿಡಬೇಕು. ನಾಲಿಗೆ ಕಡೆಯಿಂದ ಬಿಟ್ಟಾಗಲೇ ಮಾಲು ಹೊರಗೆ ಬೀಳೋದು. ಮಧ್ಯಾಹ್ನದ ಕ್ಯಾರೆಟ್ ಕೋಸಂಬರಿ ರಾತ್ರಿ ಸಿಂಕಲ್ಲಿ ದರ್ಶನ ಕೊಡುತ್ತೆ, ಹೇಸಿಗೆ ಅನ್ನಿಸಿದರೂ ಅದನ್ನು ನೋಡಿದ ಮೇಲೆ ಬಿಡೋಕೆ ಮನಸ್ಸು ಬರಲ್ಲ.

ಬಳಸೋದಕ್ಕೂ ಒಂದು ರೀತಿ ಇದೆ. ತುದಿಯನ್ನು ಬಾಯೊಳಗಿಟ್ಟು, ತುಟಿ ಮುಚ್ಚಿಯೂ ಮುಚ್ಚದ ಹಾಗೆ ಇಟ್ಟುಕೊಂಡು, ಸಿಂಕ್ ಮೇಲೆ ಚೆನ್ನಾಗಿ ಬಗ್ಗಿ, ಆಮೇಲೆ ಸ್ವಿಚ್ ಒತ್ತಿ. ನೀರು ತನ್ನಷ್ಟಕ್ಕೆ ಬಾಯಿಂದ ಸುರಿದು ಹೋಗಲಿ. ತಲೆ ಎತ್ತಿ ಕನ್ನಡಿ ನೋಡ್ತಾ ಮಾಡಿದರೆ ನೀರು ಮೊಣಕೈವರೆಗೂ ಇಳಿದು ನೈಟಿ ಎಲ್ಲ ಒದ್ದೆ. ಬಾಯಿಂದ ತೆಗೆಯೋ ಮೊದಲು ಆಫ್ ಮಾಡಬೇಕು, ಇಲ್ಲದಿದ್ದರೆ ಕನ್ನಡಿಗೂ ಗೋಡೆಗೂ ಅಭಿಷೇಕ. ಹಲ್ಲು ವಸಡು ಸೇರೋ ಗೆರೆ ಇದೆಯಲ್ಲ, ಅದರ ಮೇಲೆ ನೇರವಾಗಿ ಹಿಡಿದು ಮೆಲ್ಲಗೆ ಸಾಗಿ, ಪ್ರತಿ ಸಂದಿಗೂ ಒಂದು ಕ್ಷಣ ನಿಲ್ಲಿ. ಮೊದಲ ವಾರ ಅತಿ ಕಡಿಮೆ ಸ್ಪೀಡಲ್ಲೇ ಇರಲಿ. ತಣ್ಣೀರು ಹಲ್ಲಿಗೆ ಜುಂ ಅನ್ನಿಸಿದರೆ ಉಗುರುಬೆಚ್ಚಗಿನ ನೀರು ಹಾಕಿ, ಬಿಸಿ ನೀರು ಮಾತ್ರ ಬೇಡ.

ಹಲ್ಲಿನ_ಡಾಕ್ಟ್ರು_ಹಾಸನ

ಇಪ್ಪತ್ತು ವರ್ಷಕ್ಕೂ ಮೇಲಿನಿಂದ ಹಲ್ಲಿನ ಕ್ಲಿನಿಕ್ ನಡೆಸ್ತಾ ಇದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಅಮ್ಮಾ, ಮಿಷನ್ ಆರ್ಡರ್ ಮಾಡೋ ಮೊದಲು ಒಂದು ಸಲ ಕ್ಲೀನಿಂಗ್ ಮಾಡಿಸಿಕೊಳ್ಳಿ. ಕೆಳಗಿನ ಮುಂದಿನ ಹಲ್ಲುಗಳ ಹತ್ತಿರ ರಕ್ತ ಅಂದಿರಲ್ಲ, ಅಲ್ಲೇ ಗೊತ್ತಾಯ್ತು. ನಾಲಿಗೆಯ ಕೆಳಗೆ ಜೊಲ್ಲು ಬರೋ ನಾಳಗಳು ತೆರೆದುಕೊಳ್ಳೋದು ಆ ಹಲ್ಲುಗಳ ಹಿಂದೆಯೇ. ಜೊಲ್ಲಿನಲ್ಲಿ ಕ್ಯಾಲ್ಸಿಯಂ ಇರುತ್ತೆ. ಹಲ್ಲಿನ ಮೇಲೆ ಕೂರೋ ಮೆತ್ತನೆ ಬಿಳಿ ಪದರ, ಅಂದರೆ ಪ್ಲೇಕು, ತೆಗೆಯದೆ ಬಿಟ್ಟರೆ ಒಂದೆರಡು ದಿನದಲ್ಲೇ ಅದು ಗಟ್ಟಿಯಾಗಲು ಶುರುವಾಗುತ್ತೆ. ಈಗ ನಾಲಿಗೆ ತುದಿಯಿಂದ ಆ ಹಲ್ಲುಗಳ ಒಳಮೈ ಮುಟ್ಟಿ ನೋಡಿ. ಮೇಲಿನ ಮುಂದಿನ ಹಲ್ಲಿನ ಹಾಗೆ ನಯವಾಗಿಲ್ಲ, ಒರಟಾಗಿ ಗರಗಸದ ಥರ ಇದೆ ಅಂದರೆ ಅದೇ ಗಟ್ಟಿ ಪಾಚಿ. ಅದನ್ನು ಬ್ರಷ್ಷೂ ತೆಗೆಯಲ್ಲ, ವಾಟರ್ ಫ್ಲಾಸರೂ ತೆಗೆಯಲ್ಲ, ಯಾವ ದುಬಾರಿ ಪೇಸ್ಟೂ ತೆಗೆಯಲ್ಲ. ಸ್ಕೇಲಿಂಗ್, ಅಂದರೆ ಕ್ಲಿನಿಕ್ಕಲ್ಲಿ ಮಾಡೋ ಈ ಕ್ಲೀನಿಂಗ್, ಮಾಡೇ ತೆಗೆಯಬೇಕು.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ ಅಂತ ನಮ್ಮ ಕಡೆ ತುಂಬಾ ಜನ ಹೆದರುತ್ತಾರೆ. ಹಲ್ಲು ಸಡಿಲ ಆಗಿರೋದು ವಸಡು, ಮೂಳೆ ಹಾಳಾಗಿದ್ದಕ್ಕೆ. ಪಾಚಿ ಅಲ್ಲಿ ತುಂಬಿಕೊಂಡು ಅದನ್ನು ಮುಚ್ಚಿಟ್ಟಿರುತ್ತೆ, ತೆಗೆದಾಗ ಗೊತ್ತಾಗುತ್ತೆ ಅಷ್ಟೆ.

ರಕ್ತ ಬರುತ್ತೆ ಅಂತ ಆ ಜಾಗ ಬಿಟ್ಟು ಬ್ರಷ್ ಮಾಡೋದು ಇನ್ನೂ ಕೆಟ್ಟದ್ದು. ಹೆಚ್ಚಿನವರಲ್ಲಿ ರಕ್ತ ಬರೋದೇ ಅಲ್ಲಿ ಕೊಳೆ ನಿಂತಿರೋದಕ್ಕೆ. ವಸಡಿನ ಊತ ಮಾತ್ರ ಇದ್ದರೆ ಅದು ಪೂರ್ತಿ ವಾಸಿಯಾಗುತ್ತೆ. ಕೆಳಗಿನ ಮೂಳೆ ಕರಗಿದ್ದರೆ ಮಾತ್ರ ಹೋದದ್ದು ತಾನಾಗಿ ವಾಪಸ್ ಬರಲ್ಲ, ಇರೋದನ್ನು ಕಾಪಾಡಿಕೊಳ್ಳಬೇಕು. ಕ್ಲೀನಿಂಗ್ ಆದ ಮೇಲೆ ದಿನಕ್ಕೊಂದು ಸಲ ಕಡಿಮೆ ಒತ್ತಡದಲ್ಲಿ ನೀರು ಹೊಡೆದರೆ ಒಂದೆರಡು ವಾರದಲ್ಲಿ ರಕ್ತ ಕಡಿಮೆ ಆಗಬೇಕು. ಆಗದಿದ್ದರೆ ಮತ್ತೆ ತೋರಿಸಿ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ದರೆ ಅದನ್ನೂ ಹೇಳಿ. ಶುಗರ್ ಇದ್ದರಂತೂ ಖಂಡಿತ ಹೇಳಿ. ಶುಗರ್ ಜಾಸ್ತಿ ಇದ್ದರೆ ವಸಡು ಬೇಗ ಕೆಡುತ್ತೆ, ವಸಡಲ್ಲಿ ಸೋಂಕು ಇದ್ದರೆ ಶುಗರ್ ಹಿಡಿತಕ್ಕೆ ಬರೋದು ಕಷ್ಟ. ಸಿಗರೇಟ್ ಸೇದುವವರಿಗೆ ರಕ್ತವೇ ಬರದೆ ಒಳಗೊಳಗೇ ಹಾಳಾಗಬಹುದು, ನನಗೆ ಏನೂ ಇಲ್ಲ ಅಂತ ಅವರು ಆರಾಮಾಗಿರುತ್ತಾರೆ.

ಬ್ರಿಡ್ಜ್ ವಿಷಯ. ದಾರ ಮೇಲಿಂದ ಇಳಿಯಲ್ಲ ಅಂದಿದ್ದು ಸರಿ. ಅದಕ್ಕೇ ಸೂಪರ್ ಫ್ಲಾಸ್ ಅಂತ ಬರುತ್ತೆ. ಒಂದು ತುದಿ ಗಟ್ಟಿ, ಸೂಜಿಗೆ ದಾರ ಪೋಣಿಸೋ ಹಾಗೆ ಬ್ರಿಡ್ಜ್ ಕೆಳಗೆ ಪಕ್ಕದಿಂದ ತೂರಿಸಬಹುದು. ನಡುವೆ ಉಬ್ಬಿದ ಸ್ಪಂಜಿನಂಥ ಭಾಗ ಇರುತ್ತೆ, ಅದನ್ನು ಡಮ್ಮಿ ಹಲ್ಲಿನ ಕೆಳಗೆ ಆಕಡೆ ಈಕಡೆ ಎಳೆಯೋದು. ನೀರು ಆಹಾರದ ಚೂರನ್ನು, ಮೆತ್ತಗಿನ ಕೊಳೆಯನ್ನು ತಳ್ಳುತ್ತೆ. ಅಂಟಿಕೊಂಡ ಪದರಕ್ಕೆ ಉಜ್ಜೋದೇ ಬೇಕು. ನನ್ನ ಪೇಷೆಂಟುಗಳಿಗೆ ನಾನು ಹೇಳೋದು: ಪ್ರತಿದಿನ ನೀರು, ವಾರದಲ್ಲಿ ಕೆಲವು ದಿನವಾದರೂ ಈ ದಾರ. ಆಮೇಲೆ, ಮೊದಲು ಸಿಕ್ಕದೇ ಇದ್ದದ್ದು ಈಗ ಸಿಗ್ತಾ ಇದೆ ಅಂದರೆ ಕೆಳಗೆ ವಸಡು ಇಳಿದಿರಬಹುದು, ಇಲ್ಲಾ ಬ್ರಿಡ್ಜ್ ಹಿಡಿದಿರೋ ಪಕ್ಕದ ಹಲ್ಲಿನ ಕ್ಯಾಪ್‌ನ ಅಂಚಲ್ಲಿ ಹುಳುಕು ಶುರುವಾಗಿರಬಹುದು. ಇದಕ್ಕೆ ಒಂದು ಎಕ್ಸ್‌ರೇ ಬೇಕು. ಪಿನ್ನು ಅತ್ತೆಯವರ ಬಳೆಯಲ್ಲೇ ಇರಲಿ.

ಇನ್ನು ಕೃತಕ ಹೃದಯ ಕವಾಟ ಇರುವವರು, ಮೊದಲು ಹೃದಯದ ಒಳಪೊರೆಗೆ ಸೋಂಕು ಆಗಿದ್ದವರು ಡಾಕ್ಟರನ್ನು ಕೇಳದೆ ಈ ಮಿಷನ್ ಬಳಸೋಕೆ ಶುರು ಮಾಡಬೇಡಿ. ಹಲ್ಲು ಕಿತ್ತ ಹೊಸದರಲ್ಲಿ ಆ ಜಾಗಕ್ಕೆ ನೀರು ಹೊಡೆಯಲೇಬೇಡಿ, ಹೆಪ್ಪುಗಟ್ಟಿದ ರಕ್ತ ಕಿತ್ತು ಬಂದರೆ ಆ ನೋವು ಬೇಡ.

ಬೇವಿನಕಡ್ಡಿ

ನಮ್ಮಜ್ಜ ಬೇವಿನ ಕಡ್ಡಿಯಲ್ಲೇ ಹಲ್ಲುಜ್ಜಿ ಕೊನೆವರೆಗೂ ಕಬ್ಬು ತಿಂದವರು. ಈಗ ಬ್ರಷ್ಷಿಗೆ ಬ್ಯಾಟರಿ, ನೀರಿಗೆ ಬ್ಯಾಟರಿ. ಹಲ್ಲಿನ ಸಂದಿಗೆ ಅಂತ ಪುಟ್ಟ ಬ್ರಷ್ ಬರುತ್ತೆ, ಬಾಟಲಿ ತೊಳೆಯೋ ಬ್ರಷ್ಷಿನ ಮರಿ ಇದ್ದ ಹಾಗೆ. ನೂರು ಇನ್ನೂರು ರೂಪಾಯಿಗೆ ಒಂದು ಪ್ಯಾಕೆಟ್ ಸಿಗುತ್ತೆ. ಚಾರ್ಜ್ ಬೇಡ, ರಿಪೇರಿ ಇಲ್ಲ. ಮೂರು ಸಾವಿರ ಯಾಕೆ ದಂಡ ಮಾಡ್ತೀರಿ?

ಹಲ್ಲಿನ_ಡಾಕ್ಟ್ರು_ಹಾಸನ

@ಬೇವಿನಕಡ್ಡಿ ಅವರ ಮಾತಲ್ಲಿ ಅರ್ಧ ನಿಜ ಇದೆ, ಬೇವಿನ ಕಡ್ಡಿ ಅಲ್ಲ, ಆ ಪುಟ್ಟ ಬ್ರಷ್. ಸಂದಿ ಅಗಲ ಇರೋರಿಗೆ ಅದು ದಾರಕ್ಕಿಂತಲೂ ಒಳ್ಳೇದು, ನೀರಿಗಿಂತಲೂ ಚೆನ್ನಾಗಿ ಉಜ್ಜುತ್ತೆ. ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸೋ ಕಾಕ್ರೇನ್ ಅನ್ನೋ ಸಂಸ್ಥೆಯವರು 2019ರಲ್ಲಿ ಈ ಥರದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ್ದರು. ಬ್ರಷ್ ಜೊತೆಗೆ ದಾರವೋ ಸಂದಿ ಬ್ರಷ್ಷೋ ಬಳಸಿದರೆ ಬರೀ ಬ್ರಷ್ಷಿಗಿಂತ ಮೇಲು ಇರಬಹುದು ಅಂದರು, ಅದೂ ಪುರಾವೆ ಅಷ್ಟು ಗಟ್ಟಿಯಿಲ್ಲ ಅಂತ ಸೇರಿಸಿಯೇ. ನೀರಿನ ಮಿಷನ್ ಪ್ಲೇಕು ಕಡಿಮೆ ಮಾಡಿದ್ದು ಅವರಿಗೆ ಕಾಣಲಿಲ್ಲ, ವಸಡಿನ ಊತಕ್ಕೆ ಸ್ವಲ್ಪ ಉಪಯೋಗ ಆಗಬಹುದು ಅನ್ನೋ ಮಟ್ಟದಲ್ಲಿತ್ತು. ಆದ್ದರಿಂದ ಹಲ್ಲು ಒತ್ತಾಗಿ ಚೆನ್ನಾಗಿರೋ, ದಾರ ಹಾಕೋ ಅಭ್ಯಾಸ ಇರೋ ಹುಡುಗರಿಗೆ ನಾನು ಇದನ್ನು ತಗೊಳ್ಳಿ ಅಂತ ಹೇಳೋದಿಲ್ಲ. ಬ್ರಿಡ್ಜ್, ಇಂಪ್ಲಾಂಟ್ (ದವಡೆ ಮೂಳೆಗೆ ಸ್ಕ್ರೂ ಹಾಕಿ ಕೂರಿಸಿದ ಹಲ್ಲು), ಕ್ಲಿಪ್ ಇರೋರಿಗೆ, ಬೆರಳಿನ ಗಂಟು ನೋವಿಗೆ ದಾರ ಹಿಡಿಯೋಕಾಗದ ವಯಸ್ಸಾದವರಿಗೆ ಹೇಳ್ತೀನಿ. ದಾರ ಪೆಟ್ಟಿಗೆಯಲ್ಲೇ ಉಳಿಯೋದಕ್ಕಿಂತ ಮಿಷನ್ ದಿನಾ ಓಡೋದು ವಾಸಿ, ಅಲ್ವಾ?

ಪಂಪ್_ರಿಪೇರಿ_ಪೀಣ್ಯ

ಬೋರ್ ನೀರಿನ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ. ಎರಡು ತಿಂಗಳಿಗೆ ಮೋಟಾರ್ ಹೋಯ್ತು ಅನ್ನೋರಲ್ಲಿ ಎಷ್ಟೋ ಸಲ ಮೋಟಾರ್ ಸರಿಯಾಗೇ ಇರುತ್ತೆ. ಮನೆಯವರು, ನೆಂಟರು ತಂದುಕೊಟ್ಟಿದ್ದನ್ನು ಬಿಚ್ಚಿ ನೋಡಿದ್ದೇನೆ. ಒಳಗೆ ಬೆರಳು ಗಾತ್ರದ ಪಿಸ್ಟನ್ ಪಂಪು, ನೀರು ಒಂದೇ ಕಡೆ ಹೋಗಲಿ ಅಂತ ಸಣ್ಣ ರಬ್ಬರ್ ವಾಲ್ವು. ಗಡಸು ನೀರು ಒಳಗೇ ನಿಂತು ಒಣಗಿದರೆ ಆ ವಾಲ್ವಿನ ಮೇಲೆ ಬಿಳೀ ಉಪ್ಪು ಕಟ್ಟುತ್ತೆ. ವಾಲ್ವು ಪೂರ್ತಿ ಮುಚ್ಚಲ್ಲ, ಮೋಟಾರ್ ಗುಂಯ್ ಅಂತ ಸದ್ದು ಮಾಡುತ್ತೆ, ನೀರು ಮಾತ್ರ ಜೊಲ್ಲು ಸುರಿದ ಹಾಗೆ ಬರುತ್ತೆ.

ಕುಡಿಯೋ ಫಿಲ್ಟರ್ ನೀರನ್ನೇ ಹಾಕಿ. ಒಂದು ಸಲಕ್ಕೆ 200–300 ಎಂಎಲ್ ಅಷ್ಟೇ ಬೇಕಾಗೋದು, ಒಂದು ಲೋಟ. ದಯವಿಟ್ಟು ಆರ್‌ಓ ಪೈಪಿಂದ ಆಚೆ ಬರೋ ವೇಸ್ಟ್ ನೀರನ್ನು ಉಳಿತಾಯ ಅಂತ ಹಾಕಬೇಡಿ, ಅದರಲ್ಲಿ ಉಪ್ಪು ಇನ್ನೂ ಜಾಸ್ತಿ. ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಖಾಲಿಯಲ್ಲೇ ಎರಡು ಮೂರು ಸೆಕೆಂಡ್ ಓಡಿಸಿ ಒಳಗಿನ ನೀರು ಹೊರಹಾಕಿ, ಮುಚ್ಚಳ ತೆರೆದಿಟ್ಟು ಒಣಗಿಸಿ. ಮುಚ್ಚಿಟ್ಟರೆ ಟ್ಯಾಂಕಿನ ಮೂಲೆಯಲ್ಲಿ ಕಪ್ಪಗೆ ಬೂಷ್ಟು ಹಿಡಿಯುತ್ತೆ, ಅದೇ ನೀರು ಬಾಯಿಗೆ. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಅರ್ಧ ಲೀಟರ್ ಬೆಚ್ಚಗಿನ ನೀರಿಗೆ ಎರಡು ಮೂರು ದೊಡ್ಡ ಚಮಚ ಬಿಳೀ ವಿನೆಗರ್ ಬೆರೆಸಿ ಓಡಿಸಿ, ಆಮೇಲೆ ಒಳ್ಳೆ ನೀರಲ್ಲಿ ತೊಳೆಯಿರಿ. ಕಲ್ಲುಪ್ಪು ಹಾಕಿದರೆ ವಸಡಿಗೆ ಒಳ್ಳೇದು ಅಂತ ಟ್ಯಾಂಕಿಗೆ ಉಪ್ಪು ಸುರಿಯೋರಿದ್ದಾರೆ. ಹಾಗೆ ಮಾಡಬೇಡಿ, ಉಪ್ಪುನೀರಲ್ಲಿ ಬೇಕಾದರೆ ಬೇರೆಯಾಗಿ ಮುಕ್ಕಳಿಸಿ.

ವೈರ್‌ಲೆಸ್ ತಗೊಂಡರೆ ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಗಟ್ಟಿಯಾಗಿ ಕೂರುತ್ತಾ ನೋಡಿ. ಒದ್ದೆ ಇರುವಾಗ ಚಾರ್ಜಿಗೆ ಹಾಕಬೇಡಿ. ಬ್ಯಾಟರಿ ಹೋದರೆ ಬದಲಿಸೋಕೆ ಹೆಚ್ಚಿನವು ಬಿಚ್ಚೋಕೇ ಬರಲ್ಲ. ಬಾತ್‌ರೂಮಲ್ಲಿ ಪ್ಲಗ್ ಪಾಯಿಂಟು, ಇಡೋಕೆ ಜಾಗ ಇದ್ದರೆ ಟೇಬಲ್ ಮೇಲಿಡೋದೇ ಒಳ್ಳೇದು, 600 ಎಂಎಲ್ ಆಸುಪಾಸಿನ ಟ್ಯಾಂಕು, ನಡುವೆ ನೀರು ತುಂಬೋ ರಗಳೆ ಇಲ್ಲ.

ನ್ಯೂಜೆರ್ಸಿ_ಕನ್ನಡಿಗ

ಮೇಲಿನದಕ್ಕೆ ಒಂದು ಸೇರಿಸ್ತೀನಿ. ಇಲ್ಲಿಂದ ಊರಿಗೆ ಬರೋ ಮಗನಿಗೋ ಅಳಿಯನಿಗೋ ತರೋಕೆ ಹೇಳೋ ಯೋಚನೆ ಇದ್ದರೆ ಹುಷಾರು. ಇಲ್ಲಿ ಮಾರೋ ಟೇಬಲ್ ಮೇಲಿಡೋ ಮಾಡೆಲ್‌ಗಳಲ್ಲಿ ಬಹಳಷ್ಟು 120 ವೋಲ್ಟಿಗೆ ಮಾತ್ರ. ಅಲ್ಲಿನ 230 ವೋಲ್ಟಿಗೆ ಬರೀ ಪಿನ್ ಬದಲಿಸೋ ಅಡಾಪ್ಟರ್ ಹಾಕಿ ಚುಚ್ಚಿದರೆ ಸುಟ್ಟೇ ಹೋಗುತ್ತೆ. ಅದಕ್ಕೆ ಟ್ರಾನ್ಸ್‌ಫಾರ್ಮರ್ ಬೇಕು, ಯಾರಿಗೆ ಬೇಕು ಆ ಭಾರ. ಯುಎಸ್‌ಬಿಯಲ್ಲಿ ಚಾರ್ಜ್ ಆಗೋದಾದರೆ ತೊಂದರೆ ಇಲ್ಲ.

ಅಂದಹಾಗೆ ಇದು ಮೊನ್ನೆ ಮೊನ್ನೆ ಬಂದ ಫ್ಯಾಷನ್ ಅಲ್ಲ. 1962ರಲ್ಲಿ ಕೊಲರಾಡೋದ ಫೋರ್ಟ್ ಕಾಲಿನ್ಸ್‌ನಲ್ಲಿ ಜೆರಾಲ್ಡ್ ಮೋಯರ್ ಅನ್ನೋ ದಂತವೈದ್ಯರೂ ಜಾನ್ ಮ್ಯಾಟಿಂಗ್ಲಿ ಅನ್ನೋ ಎಂಜಿನಿಯರೂ ಸೇರಿ ಮಾಡಿದ್ದು. ಈ ಮಿಷನ್ ಮಾಡೋ ವಾಟರ್‌ಪಿಕ್ ಕಂಪನಿ ಹುಟ್ಟಿದ್ದು ಹಾಗೆ.

ಕೆಂಗೇರಿ_ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಾಕ್ಟ್ರೇ, ನಾಲಿಗೆಯಲ್ಲಿ ಮುಟ್ಟಿ ನೋಡಿದೆ, ನೀವು ಹೇಳಿದ ಹಾಗೇ ಒರಟಾಗಿದೆ. ನನಗೆ ಶುಗರ್ ಇಲ್ಲ, ಅತ್ತೆಗಿದೆ. ಶನಿವಾರ ಕ್ಲೀನಿಂಗಿಗೆ ಅಪಾಯಿಂಟ್‌ಮೆಂಟ್ ತಗೊಂಡಿದ್ದೇನೆ, ಅವರನ್ನೂ ಕರ್ಕೊಂಡು ಹೋಗ್ತೀನಿ. ಎಕ್ಸ್‌ರೇ ಕೇಳ್ತೀನಿ. ಮಗನ ವಿಷಯ ಯಾರೂ ಹೇಳಲಿಲ್ಲ. ಹದಿಮೂರು ವರ್ಷ, ಬ್ರಷ್ ಮಾಡು ಅಂದರೆ ಬಾತ್‌ರೂಮಲ್ಲಿ ನಲ್ಲಿ ಬಿಟ್ಟು ನಿಂತಿರುತ್ತಾನೆ.

ಹಲ್ಲಿನ_ಡಾಕ್ಟ್ರು_ಹಾಸನ

ಮಿಷನ್ ಒಂದೇ ಸಾಕಮ್ಮ, ಮೂತಿ ಬೇರೆ ಬೇರೆ ಇರಬೇಕು. ಬುಡದಲ್ಲಿ ಬಣ್ಣದ ಉಂಗುರ ಇರುತ್ತೆ, ಗುರುತಿಗೆ. ಸುಮಾರು ಮೂರು ತಿಂಗಳಿಗೊಮ್ಮೆ ಬದಲಿಸಿ. ಕ್ಲಿಪ್ ಇರೋರಿಗೆ ತುದಿಯಲ್ಲಿ ಪುಟ್ಟ ಬ್ರಷ್ ಇರೋ ಮೂತಿ ಸಿಗುತ್ತೆ, ತಗೊಳ್ಳುವಾಗಲೇ ಆ ಕಂಪನಿಯದು ಬೇರೆಯಾಗಿ ಸಿಗುತ್ತಾ ನೋಡಿಕೊಳ್ಳಿ. ಅವನು ತಂತಿಯ ಮೇಲೊಂದು ಸಲ, ಕೆಳಗೊಂದು ಸಲ ಸಾಗಬೇಕು, ಆಮೇಲೆ ಬ್ರಷ್. ನೀರು ಹೊಡೆದೆ ಅಂತ ಬ್ರಷ್ ಬಿಟ್ಟರೆ ಕ್ಲಿಪ್ ತೆಗೆದ ದಿನ ಪ್ರತಿ ಹಲ್ಲಿನ ಮೇಲೂ ಚೌಕಾಕಾರದ ಬಿಳಿ ಕಲೆ ಕಾಣುತ್ತೆ, ಅದು ಸುಲಭಕ್ಕೆ ಹೋಗಲ್ಲ. ಅಂಥ ಫೋಟೋ ಒಂದನ್ನು ಅವನಿಗೆ ತೋರಿಸಿ, ನೀವು ದಿನಾ ಕೂಗೋದು ತಪ್ಪಬಹುದು.

ಪುಳಿಯೋಗರೆ_ಪ್ರಿಯ

ಹದಿಮೂರರ ಹುಡುಗರಿಗೆ ಈ ಮಿಷನ್ ಕೊಡೋಕೆ ಹೆದರಬೇಡಿ ಮೇಡಂ, ತಾವಾಗೇ ಬಳಸ್ತಾರೆ. ಬಾತ್‌ರೂಮ್ ಸೀಲಿಂಗ್ ಒರೆಸೋಕೆ ಉದ್ದ ಕೋಲಿನ ಮಾಪ್ ಒಂದು ಇಟ್ಟಿರಿ ಅಷ್ಟೆ.