ಮೊದಲ ಸಲ ಕಾಡು ಟರ್ಕಿ ಬೇಟೆ: ಹೋಗಿ ಬಂದವರು ಸ್ವಲ್ಪ ಹೇಳಿ

ಸೇಂಟ್ ಲೂಯಿಸ್, ಮಿಸ್ಸೂರಿಯಿಂದ ಪ್ರಶ್ನೆ:
ಎಚ್-1ಬಿ ವೀಸಾದಲ್ಲಿ ಇಲ್ಲಿದ್ದೇನೆ. ಆಫೀಸಿನ ಗೆಳತಿಯ ಅಪ್ಪ ಏಪ್ರಿಲ್‌ನಲ್ಲಿ ಟರ್ಕಿ (ಕೋಳಿಯಂಥ ದೊಡ್ಡ ಹಕ್ಕಿ) ಬೇಟೆಗೆ ಕರೆದಿದ್ದಾರೆ. ನಾನು ಇವತ್ತಿನವರೆಗೂ ಬಂದೂಕು ಮುಟ್ಟಿದವಳಲ್ಲ. ಕಾನೂನಿನ ತೊಂದರೆ ಇದೆಯಾ? ಅಲ್ಲಿ ನಿಜವಾಗಿ ಏನು ನಡೆಯುತ್ತದೆ? ನಿಮಗೆ ಮರೆಯಲಾಗದ ಬೇಟೆ ಯಾವುದು, ಅದನ್ನೂ ಹೇಳಿ.

ಕೊಲಂಬಿಯಾ, ಮಿಸ್ಸೂರಿಯಿಂದ:
ಮೊದಲು ಕಾಗದಪತ್ರ ನೋಡಿಕೊಳ್ಳಿ. ಎಚ್-1ಬಿಯಂಥ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ತಡೆಯುತ್ತದೆ. ರಾಜ್ಯ ಕೊಟ್ಟ ಬೇಟೆ ಲೈಸೆನ್ಸ್ ಇದ್ದರೆ ಅದಕ್ಕೆ ವಿನಾಯಿತಿ ಇದೆ. ಹಾಗಾಗಿ ಲೈಸೆನ್ಸ್ ಕೈಗೆ ಬರುವವರೆಗೆ ಅಭ್ಯಾಸಕ್ಕೆ ಅಂತಲೂ ಬಂದೂಕು ಹಿಡಿಯಬೇಡಿ. ವಲಸೆ ವಕೀಲರನ್ನು ಒಮ್ಮೆ ಕೇಳಿಬಿಡಿ, ವೀಸಾ ವಿಷಯ ಅಲ್ವಾ. 1967ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಇಲ್ಲಿ ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿರಬೇಕು. ಟರ್ಕಿಗೆ ಬೇರೆಯೇ ಪರ್ಮಿಟ್ ಇದೆ. ವಸಂತದಲ್ಲಿ ಹುಂಜವನ್ನು, ಇಲ್ಲವೇ ಎದೆಯ ಮೇಲೆ ಗಡ್ಡ (ಜೋತುಬಿದ್ದ ಕೂದಲಿನಂಥ ಗರಿಗಳ ಗೊಂಚಲು) ಕಾಣುವ ಹಕ್ಕಿಯನ್ನು ಮಾತ್ರ ಹೊಡೆಯಬಹುದು. ಹೊಡೆದ ದಿನವೇ ರಾತ್ರಿ 10ರೊಳಗೆ ಟೆಲಿಚೆಕ್‌ನಲ್ಲಿ, ಅಂದರೆ ಬೇಟೆಯ ಲೆಕ್ಕ ಇಡುವ ರಾಜ್ಯದ ವ್ಯವಸ್ಥೆಯಲ್ಲಿ, ನೋಂದಾಯಿಸಬೇಕು.

ಸ್ಪ್ರಿಂಗ್‌ಫೀಲ್ಡ್, ಮಿಸ್ಸೂರಿಯಿಂದ:
ನನಗೆ ಮರೆಯಲಾಗದ್ದು ಓಝಾರ್ಕ್ ಗುಡ್ಡದ ಒಂದು ಬೆಳಿಗ್ಗೆ. ಜೊತೆಗಿದ್ದ ಹಿರಿಯರು ಅಲ್ಲೇ ಹುಟ್ಟಿ ಬೆಳೆದವರು. ಕತ್ತಲಿರುವಾಗಲೇ ಹೋಗಿ ಓಕ್ ಮರಕ್ಕೆ ಬೆನ್ನು ಕೊಟ್ಟು ಕೂತೆವು. ಟರ್ಕಿಗಳು ರಾತ್ರಿ ಮರದ ಮೇಲೆ ಮಲಗುತ್ತವೆ. ಹಿರಿಯರು ಗೂಬೆಯ ಹಾಗೆ ಕೂಗಿದರು. ದೊಡ್ಡ ಸದ್ದು ಕೇಳಿದರೆ ಹುಂಜಕ್ಕೆ ತಡೆದುಕೊಳ್ಳಲು ಆಗುವುದಿಲ್ಲ, ಮರದ ಮೇಲಿಂದಲೇ ಗುಳುಗುಳು ಅಂತ ಗರ್ಜಿಸಿಬಿಡುತ್ತದೆ. ಗುಡ್ಡದ ಆ ಕಡೆಯಿಂದ ಉತ್ತರ ಬಂದಾಗ ನನ್ನ ಮೈ ಜುಮ್ಮೆಂದಿತು.

ಆಮೇಲೆ ಸ್ಲೇಟ್ ಕಲ್ಲಿನ ಮೇಲೆ ಕಡ್ಡಿ ತಿಕ್ಕಿ ಹೇಂಟೆಯ ದನಿ ಮಾಡಿದರು. ಹುಂಜ ಉತ್ತರ ಕೊಟ್ಟಿತು, ಕೆಳಗಿಳಿಯಿತು, ನಿಜವಾದ ಹೇಂಟೆಗಳ ಹಿಂದೆ ಹೊರಟುಹೋಯಿತು. ಮುಗಿಯಿತು ಅಂದುಕೊಂಡೆ. ಅವರು "ಇನ್ನು ಸುಮ್ನೆ ಕೂತಿರು" ಅಂದರು. ಈ ಬೇಟೆಯ ಗುಟ್ಟೆಲ್ಲ ಇಲ್ಲೇ ಇದೆ. ಕಾಡಿನಲ್ಲಿ ಸಾಮಾನ್ಯವಾಗಿ ಹೇಂಟೆಯೇ ಹುಂಜದ ಹತ್ತಿರ ಹೋಗುತ್ತದೆ. ನಾವು ಹುಂಜವನ್ನು ಹೇಂಟೆಯ ಹತ್ತಿರ ಬರಿಸಲು ನೋಡುತ್ತಿರುತ್ತೇವೆ. ಜಾಸ್ತಿ ಕೂಗಿದಷ್ಟೂ ಅದು ನಿಂತಲ್ಲೇ ನಿಂತು ಕಾಯುತ್ತದೆ. ಸುಮ್ಮನಾದರೆ ಹುಡುಕಿಕೊಂಡು ಬರುತ್ತದೆ. ಹೊತ್ತೇರಿದ ಮೇಲೆ ಹೇಂಟೆಗಳು ಗೂಡಿನ ಕಡೆ ಹೋಗುತ್ತವೆ, ಹುಂಜ ಒಂಟಿಯಾಗುತ್ತದೆ. ಬೆಳಗಿನ ಗದ್ದಲ ಮುಗಿಯಿತು ಅಂತ ಎದ್ದು ಹೋಗುವವರಿಗೆ ಇದು ಸಿಗುವುದೇ ಇಲ್ಲ.

ಅವತ್ತು ಅದು ಒಂದು ಸದ್ದೂ ಮಾಡದೆ ಬಂತು. ಮೊದಲು ಕೇಳಿದ್ದು ಎದೆಯೊಳಗೆ ನಡುಗಿದ ಹಾಗಿದ್ದ ಸಣ್ಣ ಗುಂಯ್ ಶಬ್ದ. ಆಮೇಲೆ ಬಿಚ್ಚಿದ ಬಾಲ, ಕೆಂಪು, ಬಿಳಿ, ನೀಲಿ ಬಣ್ಣದ ತಲೆ. ಕತ್ತು ಒಳಗೆಳೆದುಕೊಂಡು ಮೆರೆಯುವಾಗ ಹೊಡೆಯಬಾರದು. ಗುರಿ ತಲೆ ಮತ್ತು ಕತ್ತಿನ ಮೇಲೆ ಇರಬೇಕು, ಇಲ್ಲದಿದ್ದರೆ ಗಾಯಗೊಂಡು ಓಡಿಹೋಗುತ್ತದೆ. ಅಷ್ಟರಲ್ಲಿ ಹಿಂದೆ ಒಂದು ಹೇಂಟೆ ಬಂದು ನಿಂತಿತು. ಚರೆ (ತೋಟಾದೊಳಗಿನ ಸಣ್ಣ ಗುಂಡುಗಳು) ಹರಡಿ ಹಿಂದಿನದಕ್ಕೂ ತಾಗುತ್ತದೆ. ಕಾದೆವು. ಹೇಂಟೆ ಪಕ್ಕಕ್ಕೆ ಸರಿಯಿತು. ಹಿರಿಯರು ಮೆಲ್ಲಗೆ ಒಂದೇ ಒಂದು ಕ್ಲಕ್ ಮಾಡಿದರು, ಹುಂಜ ಕತ್ತೆತ್ತಿತು, ಆಗ ಹೊಡೆದೆ. 30 ಗಜವೂ ಇರಲಿಲ್ಲ. 40 ಗಜದ ಆಚೆ ಇದ್ದರೆ ದಯವಿಟ್ಟು ಬಿಟ್ಟುಬಿಡಿ.

ಪೆನ್ಸಿಲ್ವೇನಿಯಾದಿಂದ:
ನಾನು ಕೊಡಗಿನವನು. ಮನೆಯಲ್ಲಿ ಕೋವಿ ಇತ್ತು, ಆದರೆ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಬರೀ ಅಜ್ಜನ ಕಥೆಯಲ್ಲಿ ಉಳಿದಿತ್ತು. ಇಲ್ಲಿ ಹೇಗೆ ಬಿಡುತ್ತಾರೆ ಅಂತ ನನಗೂ ಅನಿಸಿತ್ತು. 20ನೇ ಶತಮಾನದ ಆರಂಭದಲ್ಲಿ ಇಲ್ಲೂ ಕಾಡು ಟರ್ಕಿ ಬಹಳ ಕಡೆ ಅಳಿದೇ ಹೋಗಿತ್ತು. ಸಾಕಿದ ಮರಿಗಳನ್ನು ಬಿಟ್ಟು ನೋಡಿದರು, ಅವು ಬದುಕಲಿಲ್ಲ. 1951ರಲ್ಲಿ ಸೌತ್ ಕೆರೊಲಿನಾದಲ್ಲಿ ಫಿರಂಗಿಯಿಂದ ಬಲೆ ಹಾರಿಸಿ ಕಾಡಿನ ಹಕ್ಕಿಗಳನ್ನೇ ಹಿಡಿಯುವ ದಾರಿ ಕಂಡುಕೊಂಡರು. ಹೀಗೆ ಹಿಡಿದವನ್ನು ಖಾಲಿ ಕಾಡುಗಳಿಗೆ ಸಾಗಿಸಿದರು. ಇಂಥ ಕೆಲಸಕ್ಕೆ ದೊಡ್ಡ ಆಸರೆಯಾಗಿದ್ದು ಬಂದೂಕು, ತೋಟಾಗಳ ಮೇಲಿನ ತೆರಿಗೆ, ಅದನ್ನು ವನ್ಯಜೀವಿ ಕೆಲಸಕ್ಕೆ ಮೀಸಲಿಟ್ಟದ್ದು 1937ರ ಕಾಯ್ದೆ. ಮಿಸ್ಸೂರಿಯಲ್ಲಿ 1960ರಲ್ಲಿ ಮತ್ತೆ ಬೇಟೆ ಶುರುವಾಯಿತು. ಇದು ನನಗೆ ತುಂಬಾ ಗೌರವ ಹುಟ್ಟಿಸಿದ ವಿಷಯ.

ಸುರಕ್ಷತೆ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಕೆಂಪು, ಬಿಳಿ, ನೀಲಿ ಬಟ್ಟೆ ಬೇಡ, ಕಾಲುಚೀಲವೂ ಸೇರಿ. ಹುಂಜದ ತಲೆಯ ಬಣ್ಣ ಅದೇ. ಸದ್ದು ಬಂದ ಕಡೆ ನುಸುಳಿಕೊಂಡು ಹೋಗಬೇಡಿ, ಅಲ್ಲಿ ಕೂಗುತ್ತಿರುವುದು ಇನ್ನೊಬ್ಬ ಬೇಟೆಗಾರ ಇರಬಹುದು. ನಿಮ್ಮ ಹೆಗಲಿಗಿಂತ ಅಗಲದ ಮರಕ್ಕೇ ಒರಗಿ. ಯಾರಾದರೂ ಹತ್ತಿರ ಬಂದರೆ ಕೈ ಬೀಸಬೇಡಿ, ಜೋರಾಗಿ ಮಾತಾಡಿ. ಹಕ್ಕಿ ಹೊತ್ತು ಬರುವಾಗ ಕಿತ್ತಳೆ ಬಟ್ಟೆಯಲ್ಲಿ ಸುತ್ತಿ.

ಟೆಕ್ಸಾಸ್‌ನಿಂದ:
ಅಕ್ಕಾ, ಅಡುಗೆಯದ್ದು ಯಾರೂ ಹೇಳಲಿಲ್ಲ. ಎದೆ ಮಾಂಸ ಬೇಗ ಒಣಗುತ್ತದೆ, ತೆಳ್ಳಗೆ ಕತ್ತರಿಸಿ ಮೆಣಸು ಹಾಕಿ ಹುರಿದರೆ ಚೆನ್ನ. ಕಾಲು ಗಟ್ಟಿ, ನಾಟಿ ಕೋಳಿಗಿಂತಲೂ ಗಟ್ಟಿ. ತುಂಬಾ ಜನ ಅದನ್ನು ಎಸೆಯುತ್ತಾರೆ, ನನಗೆ ಹೊಟ್ಟೆ ಉರಿಯುತ್ತದೆ. ಕುಕ್ಕರ್‌ನಲ್ಲಿ ಬೇಯಿಸಿ, ನರಗಳನ್ನು ತೆಗೆದು, ಹುರಿದ ಮಸಾಲೆ, ಕೊಬ್ಬರಿ ಹಾಕಿ ಸಾರು ಮಾಡಿ, ಮುದ್ದೆ ಜೊತೆ ಬಡಿಸಿ. ಕತ್ತಿನ ಕಡೆಯ ಮಾಂಸದಲ್ಲಿ ಚರೆ ಉಳಿದಿರಬಹುದು, ಬೆರಳಲ್ಲಿ ಒತ್ತಿ ನೋಡಿ ತೆಗೆದುಬಿಡಿ. ಮಕ್ಕಳಿಗೆ ಬಡಿಸುವ ಮುಂಚೆ ಇನ್ನೊಂದು ಸಲ ನೋಡಿ.