ಬುಡಕಟ್ಟು ಆರೋಗ್ಯದಲ್ಲಿ ನೀತಿ ವಿಶ್ಲೇಷಕರ ಕೆಲಸ: ಬಲ್ಲವರು ಹೇಳಿ

ಪ್ರಶ್ನೆ: ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಆಗಿದೆ. ರಾಜ್ಯ ಸರ್ಕಾರದಲ್ಲಿ ಬುಡಕಟ್ಟು ಸಮುದಾಯಗಳ ಆರೋಗ್ಯದ ನೀತಿ ವಿಶ್ಲೇಷಕರ ಹುದ್ದೆಗೆ, ಗುತ್ತಿಗೆ ಮೇಲೆ, ಮುಂದಿನ ತಿಂಗಳು ಸೇರಬೇಕು. ಅಂಕಿಅಂಶದ ತಂತ್ರಾಂಶ ಬರುತ್ತೆ. ಕಡತ ಗೊತ್ತಿಲ್ಲ, ಹಾಡಿ (ಬುಡಕಟ್ಟು ಜನರ ವಸತಿ) ನೋಡಿಲ್ಲ. ಮೊದಲು ಏನು ಹಿಡಿಯಬೇಕು? ಹೊಸಬರು ಎಲ್ಲಿ ಎಡವುತ್ತಾರೆ?

ಉತ್ತರ 1 (ಅಂಕಿಅಂಶ ನೋಡುವವರು): ಮೊದಲು ‘ಎಸ್‌ಟಿ’ ಅನ್ನೋ ಎರಡಕ್ಷರದ ಒಳಗೆ ಯಾರ್ಯಾರಿದ್ದಾರೆ ಅಂತ ನೋಡಿಕೊಳ್ಳಿ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದವರು ಸುಮಾರು 42.5 ಲಕ್ಷ, ಒಟ್ಟು ಜನಸಂಖ್ಯೆಯ ಶೇ. 6.95. ಇವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನಾಯಕ, ಬೇಡ, ವಾಲ್ಮೀಕಿ ಎಂದು ಬರೆಸಿದವರು. ಬಹುತೇಕ ರಾಯಚೂರು, ಬಳ್ಳಾರಿ, ಚಿತ್ರದುರ್ಗದಂಥ ಬಯಲು ಸೀಮೆಯವರು. ಜೇನುಕುರುಬರು ಸುಮಾರು 36 ಸಾವಿರ, ಸೋಲಿಗರು ಸುಮಾರು 34 ಸಾವಿರ, ಕೊರಗರು 15 ಸಾವಿರದ ಆಸುಪಾಸು.

ಹೀಗಿರುವಾಗ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಿಂದ ‘ಕರ್ನಾಟಕದ ಎಸ್‌ಟಿ ಮಕ್ಕಳ ಅಪೌಷ್ಟಿಕತೆ’ ಅಂತ ಒಂದು ಅಂಕಿ ಎತ್ತಿ ಮೈಸೂರು ಜಿಲ್ಲೆಯ ಕಾಡಂಚಿನ ಎಚ್.ಡಿ. ಕೋಟೆಯ ಹಾಡಿಗಳ ಯೋಜನೆಗೆ ಹಾಕಿದರೆ, ನೀವು ಹಾಕಿದ್ದು ಬಯಲು ಸೀಮೆಯ ಅಂಕಿ. ಲೆಕ್ಕ ತಪ್ಪಲ್ಲ, ಜಾಗ ತಪ್ಪು. (ಬಯಲು ಸೀಮೆಯ ನಾಯಕ ಸಮುದಾಯದ ರಕ್ತಹೀನತೆ ಸಣ್ಣ ಸಮಸ್ಯೆ ಅಂತಲ್ಲ. ಅದು ಬೇರೆ ಸಮಸ್ಯೆ, ಮದ್ದೂ ಬೇರೆ.)

ತಾಯಿ-ಮಗು ನೋಂದಣಿಯ ಆರ್‌ಸಿಎಚ್ ಪೋರ್ಟಲ್‌ನಲ್ಲೂ ಎಸ್‌ಸಿ, ಎಸ್‌ಟಿ, ಇತರೆ ಅಂತಷ್ಟೇ ಕಾಲಂ. ಯಾವ ಬುಡಕಟ್ಟು ಅಂತ ಸಿಗಲ್ಲ. ಅದಕ್ಕೇ ಮೊದಲ ಎರಡು ತಿಂಗಳಲ್ಲಿ ನೀವೇ ಒಂದು ವಸತಿ ಪಟ್ಟಿ ಕಟ್ಟಿ. ಒಂದು ಸಾಲಿಗೆ ಒಂದು ಹಾಡಿ ಅಥವಾ ಪೋಡು (ಸೋಲಿಗರ ವಸತಿ). ಅಲ್ಲಿನವರು ಕರೆಯುವ ಹೆಸರು, ದಾಖಲೆಯಲ್ಲಿರುವ ಕಂದಾಯ ಗ್ರಾಮ, ಪಂಚಾಯಿತಿ, ಉಪಕೇಂದ್ರ, ಆಶಾ ಇದ್ದಾರೋ ಇಲ್ಲವೋ, ಮನೆಗಳೆಷ್ಟು, ಯಾವ ಸಮುದಾಯ, ಮಳೆಗಾಲದ ದಾರಿಯಲ್ಲಿ ಆಸ್ಪತ್ರೆಗೆ ಎಷ್ಟು ದೂರ, ಮೊಬೈಲ್ ಸಿಗ್ನಲ್, ನಡುವೆ ಅರಣ್ಯ ಇಲಾಖೆಯ ಗೇಟ್ ಇದೆಯೇ, ರಾತ್ರಿ ಕೀಲಿ ಯಾರ ಬಳಿ. ಐಟಿಡಿಪಿ (ಸಮಗ್ರ ಬುಡಕಟ್ಟು ಅಭಿವೃದ್ಧಿ ಯೋಜನೆ) ಕಚೇರಿಯ ಪಟ್ಟಿ ಮತ್ತು ತಾಲ್ಲೂಕು ಆರೋಗ್ಯಾಧಿಕಾರಿಯ ಪಟ್ಟಿ ಎರಡನ್ನೂ ತರಿಸಿ ಪಕ್ಕಪಕ್ಕ ಇಡಿ. ಹೊಂದಲ್ಲ. ಕಾಡೊಳಗಿನ ಹಾಡಿ ಕಂದಾಯ ಗ್ರಾಮವಲ್ಲದಿದ್ದರೆ ಅಲ್ಲಿನ ಹೆರಿಗೆ, ಸಾವು ಎಲ್ಲವೂ ಹತ್ತಿರದ ಊರಿನ ಹೆಸರಲ್ಲಿ ಕರಗಿಹೋಗಿರುತ್ತವೆ. ಆ ಊರಿನ ಸರಾಸರಿ ಚೆನ್ನಾಗಿದ್ದರೆ ಹಾಡಿ ಕಾಣೋದೇ ಇಲ್ಲ.

ಹೆಸರಿನ ಗೊಂದಲ ಬೇರೆ. ಜೇನುಕುರುಬ, ಕಾಡುಕುರುಬ ಪರಿಶಿಷ್ಟ ಪಂಗಡ. ‘ಕುರುಬ’ ಕೊಡಗಿನಲ್ಲಿ ಮಾತ್ರ ಪಂಗಡ, ಬೇರೆಡೆ ಹಿಂದುಳಿದ ವರ್ಗ. ಸಿದ್ದಿಯರು 2003ರಲ್ಲಿ ಉತ್ತರ ಕನ್ನಡಕ್ಕೆ ಮಾತ್ರ ಸೇರಿದ್ದರು, ಬೆಳಗಾವಿ-ಧಾರವಾಡಕ್ಕೆ ವಿಸ್ತರಣೆ ಆದದ್ದು 2020ರಲ್ಲಿ. ಹಾಗಾಗಿ 2011ರ ಅಂಕಿಯನ್ನು ಇವತ್ತಿನ ಪಟ್ಟಿಯ ಮೇಲೆ ಕೂರಿಸುವ ಮೊದಲು ಆ ಸಮುದಾಯ ಯಾವ ಜಿಲ್ಲೆಯಲ್ಲಿ ಯಾವಾಗ ಪಟ್ಟಿಗೆ ಬಂತು ಅಂತ ನೋಡಿ.

ಇನ್ನೊಂದು: ಸಣ್ಣ ಸಂಖ್ಯೆಯ ಮೇಲೆ ದರ ಹಾಕಬೇಡಿ. 15 ಸಾವಿರ ಜನರ ಸಮುದಾಯದಲ್ಲಿ ವರ್ಷಕ್ಕೆ 250 ಹೆರಿಗೆ ಅಂತಿಟ್ಟುಕೊಳ್ಳಿ. ಒಬ್ಬ ತಾಯಿ ತೀರಿಕೊಂಡರೆ ಲಕ್ಷಕ್ಕೆ 400, ಯಾರೂ ತೀರಿಕೊಳ್ಳದಿದ್ದರೆ ಸೊನ್ನೆ. ಒಂದು ವರ್ಷ ‘ಭಾರೀ ಸಾಧನೆ’, ಮರುವರ್ಷ ‘ಆಘಾತಕಾರಿ ಏರಿಕೆ’. ಎರಡೂ ಸುಳ್ಳು. ಐದು ವರ್ಷದ್ದು ಕೂಡಿಸಿ ಎಣಿಕೆ ಕೊಡಿ, ಜೊತೆಗೆ ತಾಯಿ ಮರಣ ಪರಿಶೋಧನೆಯ ವರದಿ ಓದಿ: ಯಾವಾಗ ಹೊರಟರು, ವಾಹನ ಎಷ್ಟು ಹೊತ್ತಿಗೆ ಬಂತು, ಎಷ್ಟು ಆಸ್ಪತ್ರೆ ಸುತ್ತಿದರು. ನೀತಿಗೆ ಬೇಕಾದ್ದು ಆ ವರದಿಯಲ್ಲಿರುತ್ತೆ.

ಉತ್ತರ 2 (ಸಚಿವಾಲಯದ ಕಡತ ಬಲ್ಲವರು): ಮೇಲಿನವರು ಹೇಳಿದ ಪಟ್ಟಿ ಕೈಯಲ್ಲಿದ್ದರೆ ಅರ್ಧ ಕೆಲಸ ಆದಂತೆ. ಉಳಿದರ್ಧ ದುಡ್ಡಿನದು.

ದುಡ್ಡಿಗೆ ಮೂರು ಬಾಗಿಲು. ಒಂದು, ರಾಷ್ಟ್ರೀಯ ಆರೋಗ್ಯ ಅಭಿಯಾನ: ಕೇಂದ್ರ 60, ರಾಜ್ಯ 40. ಪಿಐಪಿ, ಅಂದರೆ ಯಾವುದಕ್ಕೆ ಎಷ್ಟು ಹಣ ಅಂತ ರಾಜ್ಯ ಕೇಂದ್ರಕ್ಕೆ ಕೊಡುವ ಅನುಷ್ಠಾನ ಯೋಜನೆ, ಈಗ ಎರಡು ವರ್ಷಕ್ಕೊಮ್ಮೆ. ಜಿಲ್ಲೆಯ ಪ್ರಸ್ತಾವನೆಯಲ್ಲೇ ನಿಮ್ಮ ಸಾಲು ಇಲ್ಲದಿದ್ದರೆ ಆಮೇಲೆ ಬೆಂಗಳೂರಿನಲ್ಲಿ ಕೂತು ತುರುಕೋದು ಕಷ್ಟ. ಎರಡು, ಎಸ್‌ಸಿಎಸ್‌ಪಿ-ಟಿಎಸ್‌ಪಿ: ಪರಿಶಿಷ್ಟ ಜಾತಿ ಮತ್ತು ಬುಡಕಟ್ಟು ಉಪಯೋಜನೆಗಳಿಗೆ 2013ರ ಕಾಯ್ದೆಯಡಿ ಜನಸಂಖ್ಯೆಯ ಅನುಪಾತಕ್ಕೆ ಎತ್ತಿಡುವ ಹಣ. ಇಲ್ಲಿ ಜಾಗ್ರತೆ. ಸಾಮಾನ್ಯ ಕಾಮಗಾರಿಯ ಒಂದು ಪಾಲನ್ನು ಪಂಗಡದ ಖರ್ಚು ಅಂತ ತೋರಿಸಲು ಬಿಡುತ್ತಿದ್ದ ಕಲಂ 7(ಡಿ) ಅನ್ನು 2023ರಲ್ಲಿ ತೆಗೆದಿದ್ದಾರೆ. ಹಳೇ ಕ್ರಿಯಾ ಯೋಜನೆಯನ್ನು ನಕಲು ಮಾಡಿ ವರ್ಷ ಮಾತ್ರ ಬದಲಿಸುವ ಅಭ್ಯಾಸ ಎಲ್ಲ ಕಡೆ ಇದೆ. ಆ ಸಾಲುಗಳೂ ಜೊತೆಗೇ ಬಂದುಬಿಡುತ್ತವೆ. ಮೂರು, ಪಿಎಂ-ಜನ್‌ಮನ್. 2023ರ ನವೆಂಬರ್ 15ಕ್ಕೆ ಶುರುವಾದದ್ದು, ದೇಶದ 75 ವಿಶೇಷ ದುರ್ಬಲ ಬುಡಕಟ್ಟುಗಳಿಗೆ. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವವರು ಜೇನುಕುರುಬರು ಮತ್ತು ಕೊರಗರು ಇಬ್ಬರೇ. ಸೋಲಿಗರ ಪೋಡಿಗೆ ಈ ಹಣದಲ್ಲಿ ಸಂಚಾರಿ ಆರೋಗ್ಯ ಘಟಕ ಬರೆದರೆ ಕಡತ ವಾಪಸ್ ಬರುತ್ತೆ.

ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಗಳೂ ಇಲ್ಲ, ಹಾಗಾಗಿ ಅಂಥ ಪ್ರದೇಶಗಳ ಗ್ರಾಮಸಭೆಗೆ ಅಧಿಕಾರ ಕೊಡುವ ಪೆಸಾ ಕಾಯ್ದೆ ಅನ್ವಯಿಸಲ್ಲ. ಒಡಿಶಾ, ಜಾರ್ಖಂಡ್‌ನ ಮಾದರಿ ತಂದಾಗ ‘ಪೆಸಾ ಗ್ರಾಮಸಭೆ’ ಅನ್ನೋ ಸಾಲನ್ನು ತೆಗೆದು ಅರಣ್ಯ ಹಕ್ಕು ಕಾಯ್ದೆಯ ಗ್ರಾಮಸಭೆ ಅಂತ ಬರೆಯಿರಿ, ಅರ್ಥ ನೋಡಿಕೊಂಡು.

ಕಾಡಂಚಿನಲ್ಲಿ ಉಪಕೇಂದ್ರದ ಕಟ್ಟಡ ಬೇಕಾದರೆ ಅದೇ ಕಾಯ್ದೆಯ ಕಲಂ 3(2) ಓದಿ. ಆಸ್ಪತ್ರೆ, ಅಂಗನವಾಡಿ, ಕುಡಿಯುವ ನೀರು ಸೇರಿ 13 ಬಗೆಯ ಸೌಲಭ್ಯಕ್ಕೆ ಪ್ರತಿ ಪ್ರಕರಣದಲ್ಲಿ 1 ಹೆಕ್ಟೇರ್‌ಗಿಂತ ಕಡಿಮೆ ಅರಣ್ಯಭೂಮಿ, ಹೆಕ್ಟೇರ್‌ಗೆ 75 ಮರ ಮೀರದಂತೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಕೊಡಲು ಅವಕಾಶವಿದೆ. ಕೆಲಸ ನಿಲ್ಲೋದು ಬಹುತೇಕ ಠರಾವಿನ ಪ್ರತಿ ಇಲ್ಲದೆ. ಗ್ರಾಮ ಪಂಚಾಯಿತಿ ಸಭೆಯ ನಡಾವಳಿ ಲಗತ್ತಿಸಿರುತ್ತಾರೆ, ಬೇಕಾದ್ದು ಗ್ರಾಮಸಭೆಯದು.

ಟಿಪ್ಪಣಿ ಎರಡು ಪುಟ ಮೀರದಿರಲಿ. ಆರ್ಥಿಕ ಇಲಾಖೆ ಕೇಳುವ ಪ್ರಶ್ನೆಗಳಿಗೆ ಮೊದಲೇ ಉತ್ತರ ಇರಲಿ: ಒಂದು ಬಾರಿಯ ವೆಚ್ಚವೋ, ವರ್ಷ ವರ್ಷ ಬರುವಂಥದೋ? ಲೆಕ್ಕ ಶೀರ್ಷಿಕೆ ಯಾವುದು, ಈ ಸಾಲಿನ ಆಯವ್ಯಯದಲ್ಲಿ ಅವಕಾಶ ಇದೆಯೇ? ಹೊಸ ಹುದ್ದೆ ಕೇಳುತ್ತಿದ್ದೀರಾ? ಟೆಂಡರ್ ಇಲ್ಲದೆ ಸ್ವಯಂಸೇವಾ ಸಂಸ್ಥೆಗೆ ಕೊಡುವುದಾದರೆ ಸರ್ಕಾರಿ ಖರೀದಿಯ ಕೆಟಿಪಿಪಿ ಕಾಯ್ದೆಯ 4(ಜಿ) ವಿನಾಯಿತಿ ಬೇಕಲ್ಲ, ಕಾರಣವೇನು? ‘ಬುಡಕಟ್ಟು ಜನರ ಸರ್ವತೋಮುಖ ಅಭಿವೃದ್ಧಿಯ ದೃಷ್ಟಿಯಿಂದ’ ಅಂತ ಶುರುಮಾಡಿದರೆ ಓದುವವರು ಆ ಪ್ಯಾರಾ ಹಾರಿಸಿ ಕೊನೆಯ ಅಂಕಿಗೇ ಹೋಗುತ್ತಾರೆ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರ ಸರ್. ಸಿಕಲ್ ಸೆಲ್ (ಹುಟ್ಟಿನಿಂದ ಬರುವ ರಕ್ತದ ಕಾಯಿಲೆ) ಕಾರ್ಯಕ್ರಮದ ಪರಿಶೀಲನೆಯೂ ನನಗೇ ಬರುತ್ತಂತೆ. ಅದರಲ್ಲಿ ಏನು ನೋಡಬೇಕು?

ಉತ್ತರ 3 (ಪ್ರಯೋಗಾಲಯದ ಕಡೆಯವರು): ಈ ಮಿಷನ್ ಶುರುವಾದದ್ದು 2023ರ ಜುಲೈ 1ರಂದು, ಮಧ್ಯಪ್ರದೇಶದ ಶಹಡೋಲ್‌ನಲ್ಲಿ. 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆಯ ಗುರಿ ಇರುವುದರಿಂದ ಎಲ್ಲ ಸಭೆಯಲ್ಲೂ ‘ಎಷ್ಟು ಜನಕ್ಕೆ ಆಯ್ತು’ ಅನ್ನೋದೇ ಮಾತು. ನೀವು ಬೇರೆ ಮೂರು ಅಂಕಿ ಕೇಳಿ: ಮೊದಲ ಪರೀಕ್ಷೆಯಲ್ಲಿ ಪಾಸಿಟಿವ್ ಆದವರಲ್ಲಿ ಎಷ್ಟು ಜನರ ದೃಢೀಕರಣ ವರದಿ ಬಂದಿದೆ, ವರದಿ ಎಷ್ಟು ದಿನಕ್ಕೆ ಮನೆ ತಲುಪಿತು, ರೋಗ ದೃಢಪಟ್ಟವರಲ್ಲಿ ಎಷ್ಟು ಜನ ಅದರ ಔಷಧಿ ಹೈಡ್ರಾಕ್ಸಿಯೂರಿಯಾ ತೆಗೆದುಕೊಳ್ಳುತ್ತಿದ್ದಾರೆ.

ಕಾರಣ ಹೇಳ್ತೀನಿ. ಹಾಡಿಯಲ್ಲಿ ಮಾಡುವ ಸಾಲ್ಯುಬಿಲಿಟಿ ಪರೀಕ್ಷೆ ಅಗ್ಗದ್ದು. ಬೆರಳ ತುದಿಯ ರಕ್ತ ದ್ರಾವಣದಲ್ಲಿ ಕಲಕಿದಾಗ ಹಿಂದಿಟ್ಟ ಗೆರೆ ಮಸುಕಾದರೆ ಪಾಸಿಟಿವ್. ಅದು ಈ ರೋಗಕ್ಕೆ ಕಾರಣವಾಗುವ ಎಸ್ ಹಿಮೋಗ್ಲೋಬಿನ್ ಇದೆ ಅಂತ ಹೇಳುತ್ತೆ, ಅಷ್ಟೇ. ಬರೀ ವಾಹಕರಾದ ಎಎಸ್, ರೋಗವಿರುವ ಎಸ್‌ಎಸ್ ಇಬ್ಬರೂ ಒಂದೇ ಥರ ಕಾಣುತ್ತಾರೆ. ಬಿಡಿಸಿ ಹೇಳಲು ಪ್ರಯೋಗಾಲಯದ ಪರೀಕ್ಷೆಗಳಾದ ಎಚ್‌ಪಿಎಲ್‌ಸಿ ಅಥವಾ ಎಲೆಕ್ಟ್ರೋಫೊರೆಸಿಸ್ ಬೇಕು. ಆರು ತಿಂಗಳೊಳಗಿನ ಕೂಸಿನಲ್ಲಿ ಭ್ರೂಣದ ಹಿಮೋಗ್ಲೋಬಿನ್ ಹೆಚ್ಚಿರುವುದರಿಂದ, ತೀವ್ರ ರಕ್ತಹೀನತೆ ಇದ್ದವರಲ್ಲಿ, ಈಚೆಗೆ ರಕ್ತ ಹಾಕಿಸಿಕೊಂಡವರಲ್ಲಿ ರೋಗವಿದ್ದೂ ನೆಗೆಟಿವ್ ಬರಬಹುದು. ಇವರೆಲ್ಲ ‘ತಪಾಸಣೆ ಮುಗಿದಿದೆ’ ಪಟ್ಟಿಗೆ ಸೇರಿಬಿಟ್ಟರೆ ಮತ್ತೆ ಯಾರೂ ಕೇಳಲ್ಲ.

ದೃಢೀಕರಣದ ಮಾದರಿ ಕೆಡೋದು ದಾರಿಯಲ್ಲಿ: ಐಸ್ ಪ್ಯಾಕ್ ಕರಗಿರುತ್ತೆ, ಇಲ್ಲವೇ ನಳಿಕೆಯ ಮೇಲೆ ಹೆಸರಷ್ಟೇ ಇರುತ್ತೆ. ಒಂದೇ ಹಾಡಿಯಲ್ಲಿ ನಾಲ್ಕು ಮಂದಿ ‘ಮಾದಿ’ಯರಿದ್ದರೆ ಯಾರ ರಕ್ತ ಅಂತ ಹೇಳೋರ್ಯಾರು? ಹೆಸರಿನ ಜೊತೆ ತಂದೆಯ ಹೆಸರು, ನೋಂದಣಿ ಸಂಖ್ಯೆ ಕಡ್ಡಾಯ ಮಾಡಿ.

ಗಂಡ-ಹೆಂಡಿರಿಬ್ಬರೂ ವಾಹಕರಾದರೆ ಪ್ರತಿ ಗರ್ಭಕ್ಕೂ ಮಗು ಎಸ್‌ಎಸ್ ಆಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ‘ಮೊದಲ ಮಗುವಿಗೆ ಬಂತು, ಇನ್ನು ಮೂರಕ್ಕೆ ಭಯವಿಲ್ಲ’ ಅಂತ ಅರ್ಥವಲ್ಲ. ಸಮಾಲೋಚನೆಯ ಕರಪತ್ರಗಳಲ್ಲೇ ಈ ತಪ್ಪು ನುಸುಳುತ್ತೆ, ಅಚ್ಚಿಗೆ ಮೊದಲು ಓದಿ. ತಪಾಸಣೆಯ ಫಲಿತಾಂಶದ ಕಾರ್ಡನ್ನು ಎಲ್ಲರೆದುರು ಹೆಸರು ಕೂಗಿ ಹಂಚಬಾರದು ಅಂತ ಸುತ್ತೋಲೆಯಲ್ಲೇ ಬರೆಯಿರಿ. ಹುಡುಗಿಯ ಮದುವೆ ಮಾತು ಅಲ್ಲಿಗೇ ಮುರಿಯುತ್ತೆ. ರಕ್ತಹೀನತೆ ಕಾರ್ಯಕ್ರಮದವರ ಜೊತೆಗೂ ಪಟ್ಟಿ ಹಂಚಿಕೊಳ್ಳಿ. ಎಸ್‌ಎಸ್ ಇರುವವರ ಹಿಮೋಗ್ಲೋಬಿನ್ ಕಬ್ಬಿಣದ ಮಾತ್ರೆಯೊಂದರಿಂದಲೇ ಏರಲ್ಲ, ಆದರೆ ಅವರನ್ನು ‘ಮಾತ್ರೆ ನುಂಗದವರು’ ಅಂತ ಬೈಯೋದು ನಡೆದೇ ಇರುತ್ತೆ.

ಉತ್ತರ 4 (ಕೊಡಗು-ಮೈಸೂರು ಗಡಿ ಬಲ್ಲವರು): ಒಂದೆರಡು ಮಾತು ಸೇರಿಸ್ತೀನಿ ಮೇಡಂ. ಬುಡಕಟ್ಟು, ಗುಡ್ಡಗಾಡು ಪ್ರದೇಶಕ್ಕೆ ಉಪಕೇಂದ್ರಕ್ಕೆ 3,000, ಪ್ರಾಥಮಿಕ ಕೇಂದ್ರಕ್ಕೆ 20,000 ಜನ ಅನ್ನೋ ಸಡಿಲಿಕೆ ಇದೆ (ಬಯಲಿಗೆ 5,000 ಮತ್ತು 30,000). 40 ಮನೆಯ ಹಾಡಿಗಳು ಮೈಲಿಗೊಂದು ಇರುವಲ್ಲಿ ಅದೂ ಸಾಲದು. ಕಟ್ಟಡ ಕೇಳೋ ಬದಲು ಆಶಾ ಕೇಳಿ: ಸಾವಿರಕ್ಕೊಬ್ಬರು ಅನ್ನೋ ನಿಯಮವನ್ನು ಇಂಥ ಕಡೆ ವಸತಿಗೊಬ್ಬರು ಅಂತ ಸಡಿಲಿಸಬಹುದು. ಓದಿನ ಅರ್ಹತೆ ಅಡ್ಡ ಬರುತ್ತೆ, ಅದಕ್ಕೂ ವಿನಾಯಿತಿ ಪ್ರಸ್ತಾವನೆ ಜೊತೆಗೇ ಹೋಗಲಿ.

ಸಂಚಾರಿ ಘಟಕದ ವೇಳಾಪಟ್ಟಿ ಬಂದರೆ ಎರಡೇ ನೋಡಿ. ಬೆಳಿಗ್ಗೆ 11ಕ್ಕೆ ಅಂತಿದ್ದರೆ ಹಾಡಿಯಲ್ಲಿ ಮುದುಕರು, ಕೂಸುಗಳು ಬಿಟ್ಟರೆ ಯಾರೂ ಇರಲ್ಲ, ಕೂಲಿಗೆ ಹೋಗಿರ್ತಾರೆ. ಸಂತೆ ದಿನ ಅಂತಿದ್ದರೆ ಗಾಡಿಯನ್ನೇ ಸಂತೆಗೆ ಕಳಿಸಿ.

ಸಮೀಕ್ಷೆಯನ್ನು ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಇಡಬೇಡಿ. ಕಾಫಿ ಕೊಯ್ಲು. ಎಚ್.ಡಿ. ಕೋಟೆ, ಹುಣಸೂರು ಕಡೆಯವರು ಕೊಡಗಿನ ತೋಟದ ಲೈನ್ ಮನೆಗಳಲ್ಲಿ (ಕೂಲಿಯವರ ಸಾಲುಮನೆ) ಇರ್ತಾರೆ. ಇಲ್ಲಿ ‘ಬೀಗ ಹಾಕಿದೆ’, ಅಲ್ಲಿ ‘ಹೊರಗಿನವರು’, ಎರಡು ಜಿಲ್ಲೆಯ ಲೆಕ್ಕದಲ್ಲೂ ಇಲ್ಲ. ಆ ಮೂರು ತಿಂಗಳಲ್ಲಿ ಗರ್ಭಿಣಿಯಾಗಿದ್ದವಳ ತಾಯಿ ಕಾರ್ಡ್ ಹಾಡಿಯ ಸೂರಿನ ಸಂದಿಯಲ್ಲೇ ಇರುತ್ತೆ. ಅದಕ್ಕೆ ತಾಲ್ಲೂಕಿನಿಂದ ತಾಲ್ಲೂಕಿಗೆ ಹೆಸರು ದಾಟಿಸುವ ಒಂದು ಪುಟದ ನಮೂನೆ ಮಾಡಿ, ಎರಡೂ ಕಡೆಯ ತಾಲ್ಲೂಕು ಆರೋಗ್ಯಾಧಿಕಾರಿಗಳ ಸಹಿ ಇರಲಿ, ಕೊಯ್ಲು ಶುರುವಾಗುವ ಮೊದಲೇ.